ಹಿತ್ತಾಳೆ ಹುಡಿ ರಾಜ ನಿಜವಾಗಿ ಇದ್ದನಾ?

ಪ್ರಶ್ನೆ: ನಾವು ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ಊರು ಉಡುಪಿ ಕಡೆ. ಮೊನ್ನೆ ಮಗಳನ್ನು ಶಾಲೆಯಿಂದ ಬಾತ್ ಊರಿಗೆ ಟ್ರಿಪ್ ಕರೆದುಕೊಂಡು ಹೋಗಿದ್ದರು. ಬಿಸಿನೀರಿನ ಕೊಳದ ಗೋಡೆಯಲ್ಲಿ ಬ್ಲಾಡುಡ್ ಎಂಬ ರಾಜನ ಮೂರ್ತಿ ನೋಡಿ ಬಂದಳು. ಅವನು ರೆಕ್ಕೆ ಕಟ್ಟಿಕೊಂಡು ಹಾರಿದ್ದನಂತೆ. ಅವನ ಅಪ್ಪ ರಡ್ ಹಡ್ ಹುಡಿಬ್ರಾಸ್, ಮಗ ಕಿಂಗ್ ಲಿಯರ್. ನಮ್ಮ ಮನೆಯಲ್ಲಿ ಹುಡಿ ಅಂದರೆ ಪುಡಿ, ಬ್ರಾಸ್ ಅಂದರೆ ಇಂಗ್ಲಿಷಿನಲ್ಲಿ ಹಿತ್ತಾಳೆ. 'ಹಿತ್ತಾಳೆ ಹುಡಿ ರಾಜ' ಎಂದು ಅವಳ ನಗು ನಿಲ್ಲುತ್ತಿಲ್ಲ. ಇಲ್ಲಿಯ ಕನ್ನಡ ಕೂಟದ ಮಕ್ಕಳಿಗೆ ತಿಂಗಳಿಗೊಂದು ಕಥೆ ಬರೆದು ಓದುತ್ತೇನೆ. ಈ ಸಲ ಈ ರಾಜರನ್ನೇ ಹಿಡಿಯೋಣ ಎಂದು ಪಟ್ಟಿ ತೆಗೆದರೆ ಗುರ್ಗ್ವಿಂಟ್ ಬಾರ್ಬ್‌ಟ್ರುಕ್, ಸಾಮುಯಿಲ್ ಪೆನಿಸೆಲ್, ಡನ್ವಾಲೊ ಮೊಲ್ಮುಟಿಯಸ್! ಇವರೆಲ್ಲ ಇದ್ದವರಾ, ಯಾರೋ ಸುಮ್ನೆ ಹುಟ್ಟಿಸಿದ್ದಾ? ನಮ್ಮ ಮಾವನವರು ವಾಟ್ಸಾಪ್‌ನಲ್ಲಿ ಬಂದದ್ದೊಂದನ್ನು ಕಳಿಸಿದ್ದಾರೆ. ಬ್ರೂಟಸ್ ಅಂದರೆ ಭರತ, ಬ್ರಿಟನ್ ಅಂದರೆ ಭಾರತ ಅಂತ. ಅದನ್ನೂ ಕಥೆಗೆ ಸೇರಿಸು ಎನ್ನುತ್ತಾರೆ. ಹೆಸರುಗಳನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಎಂಬುದೂ ಗೊತ್ತಾಗುತ್ತಿಲ್ಲ. ಮಕ್ಕಳಿಗೆ ಸುಳ್ಳು ಹೇಳಿದ ಹಾಗಾಗಬಾರದು, ಅಷ್ಟೆ.

ಉತ್ತರ: ಹಳೆಯ ಹಸ್ತಪ್ರತಿಗಳಲ್ಲಿರುವ ಹೆಸರು ಓದುವುದೇ ನನ್ನ ಕೆಲಸ. ಇಷ್ಟು ವರ್ಷವಾದರೂ 'ರಡ್ ಹಡ್ ಹುಡಿಬ್ರಾಸ್' ಎಂದು ಜೋರಾಗಿ ಓದುವಾಗ ನನಗೂ ನಗು ತಡೆಯುವುದಿಲ್ಲ. ಮಗಳು ನಗಲಿ ಬಿಡಿ. ಅವಳ ಆ 'ಹುಡಿ' ಮುಂದೆ ನಮಗೆ ಕೆಲಸಕ್ಕೂ ಬರುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಈ ರಾಜರು ಇದ್ದರಾ ಎಂಬುದು ಒಂದು. ಈ ಹೆಸರುಗಳು ಇದ್ದವಾ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಬೇರೆ ಬೇರೆ. ರಾಜರಲ್ಲಿ ಹೆಚ್ಚಿನವರು ಇರಲಿಲ್ಲ. ಹೆಸರುಗಳಲ್ಲಿ ಹೆಚ್ಚಿನವು ಇದ್ದವು. ಊರಿನ ಹೆಸರಾಗಿ, ನದಿಯ ಹೆಸರಾಗಿ, ಬೇರೆ ಯಾವುದೋ ಕಾಲದ ಬೇರೆ ಯಾರದೋ ಹೆಸರಾಗಿ ಇದ್ದವು. ಅವನ್ನು ಹೆಕ್ಕಿ ತಂದು, ಒಂದೊಂದಕ್ಕೂ ಕಿರೀಟ ಇಟ್ಟು ಸಾಲಾಗಿ ಕೂರಿಸಿದ್ದು ಒಬ್ಬ ಪಾದ್ರಿ.

ಅವನು ಜೆಫ್ರಿ. ವೇಲ್ಸ್ ಗಡಿಯ ಮಾನ್‌ಮತ್ ಊರಿನ ನಂಟಿನವನು, ಆಕ್ಸ್‌ಫರ್ಡ್‌ನಲ್ಲಿ ಇದ್ದವನು. 1136ರ ಸುಮಾರಿಗೆ ಲ್ಯಾಟಿನ್‌ನಲ್ಲಿ ಬ್ರಿಟನ್ನಿನ ರಾಜರ ಚರಿತ್ರೆ ಬರೆದ. ಟ್ರಾಯ್‌ನಿಂದ ಓಡಿಬಂದ ಈನಿಯಸ್‌ನ ಮರಿಮಗ ಬ್ರೂಟಸ್‌ನಿಂದ ಶುರುಮಾಡಿ ಕ್ರಿ.ಶ. ಏಳನೇ ಶತಮಾನದವರೆಗೆ ನೂರರ ಆಸುಪಾಸು ರಾಜರು. ಗಿಲ್ಡಾಸ್, ಬೀಡ್ ಇಂಥ ಹಿಂದಿನ ಲೇಖಕರು ಕ್ರಿಸ್ತನಿಗಿಂತ ಮುಂಚಿನ ರಾಜರ ಬಗ್ಗೆ ಒಂದು ಮಾತೂ ಬರೆದಿಲ್ಲವಲ್ಲ ಎಂದು ಮುನ್ನುಡಿಯಲ್ಲಿ ಅವನೇ ಆಶ್ಚರ್ಯಪಡುತ್ತಾನೆ. ಆಮೇಲೆ, ಆಕ್ಸ್‌ಫರ್ಡ್‌ನ ಆರ್ಚ್‌ಡೀಕನ್ ವಾಲ್ಟರ್ ಎಂಬ ಚರ್ಚ್ ಅಧಿಕಾರಿ ಬ್ರಿಟಿಷ್ ಭಾಷೆಯ (ಇಂಗ್ಲಿಷ್ ಅಲ್ಲ, ವೆಲ್ಷ್‌ನ ಹಳೆಯ ರೂಪ) ಒಂದು ಬಹಳ ಹಳೆಯ ಪುಸ್ತಕ ಕೊಟ್ಟ, ಅದನ್ನೇ ಅನುವಾದಿಸಿದೆ ಎನ್ನುತ್ತಾನೆ. ಆ ಪುಸ್ತಕ ಇವತ್ತಿನವರೆಗೂ ಯಾರ ಕಣ್ಣಿಗೂ ಬಿದ್ದಿಲ್ಲ.

ಬಿಸಿಬಿಸಿಯಾಗಿ ಓಡಿದ ಪುಸ್ತಕ ಅದು. ಕೈಬರಹದ ಪ್ರತಿಗಳು ಇನ್ನೂರಕ್ಕೂ ಜಾಸ್ತಿ ಇವತ್ತೂ ಉಳಿದಿವೆ. ಹಾಗಂತ ಆಗಿನವರೆಲ್ಲ ನಂಬಿಬಿಟ್ಟರು ಎಂದುಕೊಳ್ಳಬೇಡಿ. ಅದೇ 12ನೇ ಶತಮಾನದ ಕೊನೆಗೆ ನ್ಯೂಬರ್ಗ್‌ನ ವಿಲಿಯಂ ಇದು ಹಸಿ ಸುಳ್ಳು ಎಂದು ಬರೆದ. ವೇಲ್ಸ್‌ನ ಜೆರಾಲ್ಡ್ ಇನ್ನೂ ಚೆನ್ನಾಗಿ ಚುಚ್ಚಿದ. ಮೆಲಿರ್ ಎಂಬವನ ಕಣ್ಣಿಗೆ ದೆವ್ವಗಳು ಕಾಣುತ್ತಿದ್ದವಂತೆ. ಕಾಟ ಜಾಸ್ತಿಯಾದಾಗ ಎದೆಯ ಮೇಲೆ ಸಂತ ಜಾನ್‌ನ ಸುವಾರ್ತೆ ಇಟ್ಟರೆ ಎಲ್ಲ ಹಾರಿಹೋಗುತ್ತಿದ್ದವು. ಅದನ್ನು ತೆಗೆದು ಜೆಫ್ರಿಯ ಪುಸ್ತಕ ಇಟ್ಟರೆ, ಮೊದಲಿಗಿಂತ ಹೆಚ್ಚು ದೆವ್ವಗಳು ಬಂದು ಅವನ ಮೈಮೇಲೂ ಪುಸ್ತಕದ ಮೇಲೂ ಕೂರುತ್ತಿದ್ದವು.

ಸರಿ, ಹೆಸರುಗಳಿಗೆ ಬರೋಣ. ಜೆಫ್ರಿಯ ಮೊದಲ ಕೈಚಳಕ ನಮಗೆ ಹೊಸದಲ್ಲ. ನಮ್ಮಲ್ಲಿ ಇದಕ್ಕೆ ಸ್ಥಳಪುರಾಣ ಎನ್ನುತ್ತಾರೆ. ಊರಿನ ಹೆಸರಿನ ಅರ್ಥ ಮರೆತುಹೋಗಿರುತ್ತದೆ. ಆಗ ಆ ಹೆಸರಿನಿಂದಲೇ ಒಬ್ಬ ರಾಜನನ್ನೋ ಒಂದು ಘಟನೆಯನ್ನೋ ತೆಗೆಯುತ್ತಾರೆ. ವೀರಬಲ್ಲಾಳ ಅಜ್ಜಿಯ ಮನೆಯಲ್ಲಿ ಬೆಂದ ಕಾಳು ತಿಂದ, ಊರು ಬೆಂದಕಾಳೂರಾಯಿತು ಎಂದು ನಾವು ಎಷ್ಟು ಸಲ ಕೇಳಿಲ್ಲ? ಬಲ್ಲಾಳ 12ನೇ ಶತಮಾನದವನು. ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರು ಎಂಬ ಹೆಸರು ಕ್ರಿ.ಶ. 890ರ ಸುಮಾರಿಗೇ ಇದೆ. ಹೆಸರು ಹಳೆಯದು, ಕಥೆ ಆಮೇಲಿನದು.

ಜೆಫ್ರಿಯ ಪಟ್ಟಿಯ ಮೊದಲರ್ಧ ಹೀಗೇ ಸಾಗುತ್ತದೆ. ಬ್ರೂಟಸ್‌ನ ಮೂವರು ಮಕ್ಕಳು ಲೊಕ್ರಿನಸ್, ಕಾಂಬರ್, ಆಲ್ಬನಾಕ್ಟಸ್. ಇಂಗ್ಲೆಂಡಿಗೆ ವೆಲ್ಷ್ ಭಾಷೆಯ ಹೆಸರು ಲ್ಲೊಯ್ಗರ್. ವೇಲ್ಸ್‌ಗೆ ಕಮ್ರಿ, ಲ್ಯಾಟಿನ್ನಿನಲ್ಲಿ ಕಾಂಬ್ರಿಯ. ಸ್ಕಾಟ್ಲೆಂಡಿಗೆ ಆಲ್ಬ. ಮೂರು ನಾಡಿನ ಹೆಸರು, ಮೂವರು ಅಣ್ಣತಮ್ಮಂದಿರು, ಪಾಲು ಮುಗಿಯಿತು. ಯಾರ್ಕ್ ಊರಿಗೆ ರೋಮನ್ನರು ಎಬೊರಾಕುಮ್ ಎನ್ನುತ್ತಿದ್ದರು. ಅದರಿಂದ ಎಬ್ರಾಕಸ್ ಎಂಬ ರಾಜ ಹುಟ್ಟಿದ. ಅವನಿಗೆ 20 ಹೆಂಡತಿಯರು, 20 ಗಂಡುಮಕ್ಕಳು, 30 ಹೆಣ್ಣುಮಕ್ಕಳು. ಅಷ್ಟೂ ಮಕ್ಕಳ ಹೆಸರನ್ನು ಜೆಫ್ರಿ ಪಾಪ ಬಿಡದೆ ಬರೆಯುತ್ತಾನೆ. ಕಾರ್ಲೈಲ್‌ನ ರೋಮನ್ ಹೆಸರು ಲುಗುವಾಲಿಯುಮ್. ಅದು ಸವೆದೂ ಸವೆದೂ 'ಲಿಯಲ್' ಆಗಿ ಉಳಿದಿತ್ತು. ಅದರಿಂದ ಲೇಲ್ ರಾಜ ಬಂದ. ಆದರೆ ಲುಗುವಾಲಿಯುಮ್ ಒಳಗೆ ಕೂತಿರುವುದು ಲುಗುಸ್ ಎಂಬ ಕೆಲ್ಟಿಕ್ ದೇವರ ಹೆಸರು. ಜೆಫ್ರಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಒಂದು ದೇವರ ಹೆಸರಿನ ಚೂರನ್ನು ರಾಜನಾಗಿ ಉಳಿಸಿಕೊಟ್ಟ.

ನಿಮ್ಮ ಲೆಸ್ಟರ್ ಕೂಡ ಇದೇ ಸಾಲಿನದು. ಲೇರ್ ರಾಜ, ಅಂದರೆ ಕಿಂಗ್ ಲಿಯರ್, ಕಟ್ಟಿಸಿದ ಊರು ಕೇರ್‌ಲೇರ್, ಅದೇ ಲೆಸ್ಟರ್ ಎಂದು ಜೆಫ್ರಿ ಬರೆದ. ಆ ಊರಿಗೆ ರೋಮನ್ನರ ಕಾಲದಲ್ಲಿದ್ದ ಹೆಸರು ರಾಟೆ. ಹಳೆಯ ಇಂಗ್ಲಿಷಿನಲ್ಲಿ ಲಿಗೊರಚೆಸ್ಟರ್ ಎಂಬಂಥ ರೂಪ. ಅದರಲ್ಲಿರುವುದು ಒಂದು ಹೊಳೆಯ ಹೆಸರು, ಆ ಹೊಳೆಯ ದಂಡೆಯ ಜನರ ಹೆಸರು ಎಂದು ಊರಹೆಸರು ಬಲ್ಲವರು ಹೇಳುತ್ತಾರೆ. ನಿಮ್ಮ ಜಿಲ್ಲೆಯಲ್ಲೇ ಲಿಯರ್ ಎಂಬ ಹಳ್ಳಿ ಇದೆಯಲ್ಲ, ಅದೂ ಇದೇ ಬಳಗದ್ದು. ಮುಂದೆ ವೆಲ್ಷ್ ಅನುವಾದಕರು ಈ ರಾಜನನ್ನು ತಮ್ಮ ಕಥೆಗಳ ಲ್ಲೀರ್‌ನ ಜೊತೆ ಸೇರಿಸಿಬಿಟ್ಟರು. ಶೇಕ್ಸ್‌ಪಿಯರ್ ಕೈಗೆ ಬರುವಷ್ಟರಲ್ಲಿ ಕಥೆಗೆ ಸುಮಾರು 470 ವರ್ಷ. ಮಕ್ಕಳಿಗೆ ಒಂದು ವಿಷಯ ತಪ್ಪದೆ ಹೇಳಿ. ಜೆಫ್ರಿಯ ಕಥೆಯಲ್ಲಿ ಕಿರಿಯ ಮಗಳು ಅಪ್ಪನನ್ನು ಗೆಲ್ಲಿಸುತ್ತಾಳೆ. ಅವನು ಮತ್ತೆ ಮೂರು ವರ್ಷ ಆಳಿ ಸಾಯುತ್ತಾನೆ. ಅವನನ್ನು ಮಣ್ಣು ಮಾಡಿದ್ದು ನಿಮ್ಮೂರ ಸೋರ್ ನದಿಯ ಕೆಳಗೆ ತೋಡಿದ ನೆಲಮಾಳಿಗೆಯಲ್ಲಿ. ಮಕ್ಕಳು ದಿನಾ ದಾಟುವ ನದಿ!

ಈಗ 'ಹುಡಿ'ಗೆ ಬರುತ್ತೇನೆ. ಇದು ನನಗೆ ಬಹಳ ಇಷ್ಟವಾದ ಜಾಗ, ಸ್ವಲ್ಪ ನಿಲ್ಲೋಣ.

ಲೊಕ್ರಿನಸ್ ರಾಜನಿಗೆ ಹೆಂಡತಿ ಗ್ವೆಂಡೊಲೆನ್ ಇದ್ದರೂ ಎಸ್ಟ್ರಿಲ್ಡಿಸ್ ಎಂಬವಳನ್ನು ನೆಲದಡಿಯ ಮನೆಯಲ್ಲಿ ಏಳು ವರ್ಷ ಬಚ್ಚಿಟ್ಟಿದ್ದ. ಅವರ ಮಗಳು ಹಬ್ರೆನ್. ಗ್ವೆಂಡೊಲೆನ್ ದಂಡೆತ್ತಿ ಬಂದು ಗಂಡನನ್ನು ಕೊಂದಳು. ತಾಯಿ ಮಗಳಿಬ್ಬರನ್ನೂ ನದಿಗೆ ಹಾಕಿಸಿದಳು. ಆಮೇಲೆ ಮನಸ್ಸು ಕರಗಿತೋ ಏನೋ, ನದಿಗೆ ಆ ಹುಡುಗಿಯ ಹೆಸರೇ ಇರಲಿ ಎಂದು ಆಜ್ಞೆ ಮಾಡಿದಳು. ಅದು ಇವತ್ತಿನ ಸೆವೆರ್ನ್ ನದಿ. ಬ್ರಿಟಿಷ್ ಭಾಷೆಯಲ್ಲಿ ಹಬ್ರೆನ್ ಎನ್ನುತ್ತಾರೆ, ಬೇರೆ ಭಾಷೆಯಲ್ಲಿ ಅದು ಕೆಟ್ಟು ಸಬ್ರಿನ ಆಗಿದೆ ಎಂದು ಜೆಫ್ರಿ ವಿವರಿಸುತ್ತಾನೆ.

ಎಡವಿದ್ದು ಇಲ್ಲಿಯೇ. ರೋಮನ್ ಇತಿಹಾಸಕಾರ ಟ್ಯಾಸಿಟಸ್, ಜೆಫ್ರಿಗಿಂತ ಸಾವಿರ ವರ್ಷ ಮುಂಚೆಯೇ ಆ ನದಿಯನ್ನು ಸಬ್ರಿನ ಎಂದು ಬರೆದಿದ್ದಾನೆ. ಹಳೆಯದು 'ಸ'. ವೆಲ್ಷ್ ಭಾಷೆ ಬೆಳೆಯುತ್ತಾ ಪದದ ಮೊದಲಿನ 'ಸ' ಎಷ್ಟೋ ಕಡೆ 'ಹ' ಆಯಿತು. ಸಬ್ರಿನ ಹೋಗಿ ಹಬ್ರೆನ್, ಈಗ ಹವ್ರೆನ್. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನಮ್ಮಲ್ಲಿ 'ಪ' ಹೋಗಿ 'ಹ' ಬಂತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು. ನಿಮ್ಮ ಮನೆಯ ಪುಡಿ-ಹುಡಿಯೂ ಅದೇ ದಾರಿ. ಹುಡಿ ಎನ್ನುವುದೇ ಮೂಲ, ಪುಡಿ ಅದರ ಕೆಟ್ಟ ರೂಪ ಎಂದು ಯಾರಾದರೂ ಹೇಳಿದರೆ ಹೇಗಿರುತ್ತೆ? ಜೆಫ್ರಿ ಹೇಳಿದ್ದು ಅದನ್ನೇ. ಮುಳುಗಿದ ಹುಡುಗಿಯ ಹೆಸರೇ ನದಿಯ ಮೂಲ ಹೆಸರಾಗಿದ್ದರೆ ಅವಳು ಸಬ್ರಿನ ಆಗಿರಬೇಕಿತ್ತು. ಅವಳಿಗೆ ಸಾವಿರಾರು ವರ್ಷ ಹಿಂದಿನ ಹೆಸರಿಲ್ಲ, ಜೆಫ್ರಿಯ ಕಾಲದ ಹೆಸರಿದೆ. ಕಳ್ಳ ಸಿಕ್ಕಿಬೀಳುವುದು ಇಂಥ ಒಂದಕ್ಷರದಲ್ಲಿ.

ಹಳ್ಳಿ, ನದಿಗಳ ಹೆಸರು ಸಾಕಾಗದೆ ಹೋದಾಗ ಜೆಫ್ರಿ ಇನ್ನೊಂದು ಕಣಜಕ್ಕೆ ಕೈಹಾಕಿದ. ಅದು ವೆಲ್ಷ್ ರಾಜಮನೆತನಗಳ ವಂಶಾವಳಿ. ಹಾರ್ಲಿಯನ್ 3859 ಎಂಬ ಹಸ್ತಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 'ಇಂಥವನ ಮಗ ಇಂಥವನು, ಅವನ ಮಗ ಇಂಥವನು' ಎಂದು ಹೆಸರುಗಳ ಉದ್ದುದ್ದ ಸಾಲು. ಕ್ರಿಸ್ತನಿಗೆ ಮುಂಚಿನ ಒಂದು ಕಾಲದಲ್ಲಿ ಜೆಫ್ರಿ ಒಂದೇ ಉಸಿರಿಗೆ ಮೂವತ್ತರ ಆಸುಪಾಸು ರಾಜರನ್ನು ಓಡಿಸುತ್ತಾನೆ. ಕಥೆಯಿಲ್ಲ, ಯುದ್ಧವಿಲ್ಲ, ಬರೀ ಹೆಸರು. ಅವುಗಳಲ್ಲಿ ಎಷ್ಟೋ ಹೆಸರು ಇಂಥ ವಂಶಾವಳಿಯಿಂದ ಬಂದವು ಎಂದು ಪುರಾತತ್ವಜ್ಞ ಸ್ಟುವರ್ಟ್ ಪಿಗಟ್ 1941ರಲ್ಲಿ ತೋರಿಸಿದರು. ಉರಿಯಾನುಸ್, ರೆಡೆರ್ಕಿಯುಸ್ ಎಂಬಿಬ್ಬರನ್ನೇ ನೋಡಿ. ಉರಿಯೆನ್ ಮತ್ತು ರಿಡೆರ್ಕ್ ಕ್ರಿ.ಶ. 6ನೇ ಶತಮಾನದಲ್ಲಿ ಉತ್ತರ ಬ್ರಿಟನ್ನಿನಲ್ಲಿ ಆಳಿದವರು. ಜೆಫ್ರಿ ಆ ಹೆಸರುಗಳನ್ನು ಎತ್ತಿ ಆರೇಳುನೂರು ವರ್ಷ ಹಿಂದಕ್ಕೆ ಎಸೆದ.

ಸಾಮುಯಿಲ್ ಪೆನಿಸೆಲ್ ಕೂಡ ಅದೇ ವಂಶಾವಳಿಯ ಗಿರಾಕಿ. 'ಪೆನ್' ಅಂದರೆ ತಲೆ, 'ಇಸೆಲ್' ಅಂದರೆ ತಗ್ಗು. ತಲೆತಗ್ಗಿನ ಸಾಮುಯಿಲ್. ತಮಾಷೆ ಏನೆಂದರೆ ಬೇರೆ ವೆಲ್ಷ್ ಬರಹಗಳಲ್ಲಿ ಅವನು 'ಪೆನ್ ಉಚೆಲ್', ಅಂದರೆ ತಲೆಯೆತ್ತಿದವನು, ಸೊಕ್ಕಿನವನು. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಹೆಸರಿಗೊಂದು ಕಾರ್ಡು ಬರೆದು ಡಬ್ಬಿಗೆ ಹಾಕುತ್ತಿದ್ದೆ. ಸಾಮುಯಿಲ್‌ಗೆ ಒಂದು ಕಾರ್ಡು, ಪೆನಿಸೆಲ್‌ಗೆ ಇನ್ನೊಂದು ಕಾರ್ಡು ಬರೆದಿಟ್ಟೆ. ವಾರದ ಮೇಲೆ ನನ್ನ ಗುರುಗಳು ಡಬ್ಬಿ ತೆಗೆದು, "ಒಬ್ಬ ರಾಜನನ್ನು ನೀನೂ ಹೆತ್ತೆ, ಅಭಿನಂದನೆ" ಎಂದರು. ನಡುವೆ ಒಂದು ಜಾಗ ಬಿಟ್ಟರೆ ಸಾಕು, ರಾಜ ಹುಟ್ಟುತ್ತಾನೆ.

ನಿಮಗೆ ವಿಚಿತ್ರವಾಗಿ ಕಾಣುವ ಹೆಸರುಗಳಲ್ಲಿ ಅರ್ಧಕ್ಕರ್ಧ ಇಂಥ ಅಡ್ಡಹೆಸರುಗಳೇ. ನಮ್ಮೂರಲ್ಲಿ ಮೀಸೆ ಮಾದಪ್ಪ, ಕುಳ್ಳ ಕೃಷ್ಣ ಇರುತ್ತಾರಲ್ಲ, ಹಾಗೆ. ಗುರ್ಗ್ವಿಂಟ್ ಬಾರ್ಬ್‌ಟ್ರುಕ್‌ನಲ್ಲಿ 'ಬಾರ್ಬ್' ಅಂದರೆ ಗಡ್ಡ. ಅವನು ಗಡ್ಡದ ಗುರ್ಗ್ವಿಂಟ್. ಕೋಯೆಲ್ ಹೆನ್ ಎಂಬವನ 'ಹೆನ್' ಅಂದರೆ ಮುದುಕ. ಲ್ಯಾಟಿನ್ನಿನ 'ಸೆನೆಕ್ಸ್' ಬಂಧು, ಇಲ್ಲೂ 'ಸ' ಹೋಗಿ 'ಹ'. ನಿಮ್ಮ ಮಗಳು ಶಿಶುಗೀತೆಯಲ್ಲಿ ಹಾಡುವ ಓಲ್ಡ್ ಕಿಂಗ್ ಕೋಲ್‌ಗೂ ಇವನಿಗೂ ಜನ ಗಂಟು ಹಾಕುವುದು ಇದೇ ಕಾರಣಕ್ಕೆ. ಆರ್ಥರನ ಅಪ್ಪ ಊಥರ್ ಪೆನ್‌ಡ್ರಾಗನ್‌ನಲ್ಲೂ ಅದೇ 'ಪೆನ್'. ಅಲ್ಲಿ ತಲೆ ಅಂದರೆ ಮುಖ್ಯಸ್ಥ, ಡ್ರಾಗನ್ ಅಂದರೆ ವೀರ. ಜೆಫ್ರಿ ಮಾತ್ರ ಅಕ್ಷರಕ್ಕಕ್ಷರ 'ಡ್ರಾಗನ್ನಿನ ತಲೆ' ಎಂದು ಅರ್ಥ ಹೇಳಿದ.

ಇನ್ನು ನಮ್ಮ ಹಿತ್ತಾಳೆ ಹುಡಿ. 13ನೇ ಶತಮಾನದಿಂದೀಚೆಗಿನ ವೆಲ್ಷ್ ಅನುವಾದಗಳಲ್ಲಿ ಈ ರಾಜ 'ರಿನ್ ಬಲಾದರ್ ಬ್ರಾಸ್'. 'ಪಲಾದರ್' ಅಂದರೆ ಭರ್ಜಿಯ ಕೋಲು. 'ಬ್ರಾಸ್' ಅಂದರೆ ದಪ್ಪ. ದಪ್ಪ ಭರ್ಜಿಯವನು ಎಂದಾಯಿತು. ಹಿತ್ತಾಳೆ ಹೋಯಿತು, ಬೇಜಾರು ಮಾಡಿಕೊಳ್ಳಬೇಡಿ. ಒಂದೇ ಎಚ್ಚರಿಕೆ. ಇದು ವೆಲ್ಷ್ ಅನುವಾದಕರು ಕೊಟ್ಟ ರೂಪ. ಜೆಫ್ರಿಯ ಲ್ಯಾಟಿನ್ನಿನಲ್ಲಿರುವ 'ಹುಡಿಬ್ರಾಸ್' ಎಂಬುದೇ 'ದಪ್ಪ ಭರ್ಜಿ' ಎಂದು ಬರೆಯಬೇಡಿ. 'ವೆಲ್ಷ್ ಜನ ಇವನನ್ನು ಹೀಗೆ ಕರೆದರು' ಎನ್ನಿ.

ಕೊನೆಗೆ ಅಂಟಿಕೊಳ್ಳುವ ಆ 'ಉಸ್' ನೋಡಿ ಗಾಬರಿಯಾಗಬೇಡಿ. ನಾವು ಬಸ್ಸನ್ನು ಬಸ್ಸು, ಕಾರನ್ನು ಕಾರು ಮಾಡಿಕೊಳ್ಳುತ್ತೇವೆ. ಲ್ಯಾಟಿನ್ ಬರೆಯುವವನು ಉರಿಯೆನ್‌ನನ್ನು ಉರಿಯಾನುಸ್ ಮಾಡಿಕೊಂಡ. ಮೊದಲು ವೆಲ್ಷ್, ಮೇಲೆ ಲ್ಯಾಟಿನ್ ಬಾಲ, ಆಮೇಲೆ ವೆಲ್ಷ್ ಬಾರದವರ ನಕಲು, ಅದರ ಮೇಲೆ ಇಂಗ್ಲಿಷ್ ಉಚ್ಚಾರ. ನಾಲ್ಕು ಕೈ ದಾಟಿದ ಹೆಸರು ನಿಮ್ಮ ಕೈಗೆ ಬರುವಾಗ ಇನ್ನೇನಾಗಿರಬೇಕು ಹೇಳಿ.

ಹಾಗಾದರೆ ಪಟ್ಟಿಯಲ್ಲಿ ನಿಜವಾದವರು ಯಾರೂ ಇಲ್ಲವಾ? ಇದ್ದಾರೆ. ಕಾಸಿಬೆಲಾನಸ್ ಎಂಬವನು ಕ್ರಿ.ಪೂ. 54ರಲ್ಲಿ ಜೂಲಿಯಸ್ ಸೀಸರ್‌ಗೆ ಎದುರು ನಿಂತವನು. ಸೀಸರ್ ತಾನೇ ಬರೆದಿಟ್ಟಿದ್ದಾನೆ. ಶೇಕ್ಸ್‌ಪಿಯರ್ ನಾಟಕದ ಸಿಂಬೆಲಿನ್ ಅಂದರೆ ಕುನೊಬೆಲಿನುಸ್. ಕ್ರಿ.ಶ. ಮೊದಲ ಶತಮಾನದ ಶುರುವಿನಲ್ಲಿ ಆಳಿದವನು. ಇವನು ಬರೀ ಪುಸ್ತಕದಲ್ಲಿಲ್ಲ, ನಾಣ್ಯದಲ್ಲೂ ಇದ್ದಾನೆ. ಅವನ ಬಂಗಾರದ ನಾಣ್ಯ ನಮ್ಮ ಒಂದು ರೂಪಾಯಿಗಿಂತ ಚಿಕ್ಕದು. ಒಂದು ಕಡೆ ಧಾನ್ಯದ ಒಂದು ತೆನೆ, ಮುಳ್ಳುಮುಳ್ಳಾದ ಮೀಸೆ ಸಮೇತ. ತೆನೆಯ ಎಡಕ್ಕೆ 'ಕಾ', ಬಲಕ್ಕೆ 'ಮು'. ಕಾಮುಲೊಡುನುಮ್, ಇವತ್ತಿನ ಕೊಲ್ಚೆಸ್ಟರ್, ಅವನ ರಾಜಧಾನಿ. ತಿರುಗಿಸಿದರೆ ಓಡುವ ಕುದುರೆ, ಅದರ ಕಾಲಡಿಯಲ್ಲಿ 'ಕುನೊ'. ಎರಡು ಸಾವಿರ ವರ್ಷ ಹಳೆಯ ಬಂಗಾರದಲ್ಲಿ ಆ ತೆನೆಯ ಕಾಳುಗಳನ್ನು ಒಂದೊಂದಾಗಿ ಎಣಿಸಬಹುದು.

ಆ 'ಕುನೊ' ಏನು ಗೊತ್ತಾ? ನಾಯಿ. ಬೇಟೆನಾಯಿ. ನಮಗೆ ನಾಯಿ ಎಂದರೆ ಬೈಗುಳ. ಆಗಿನ ಬ್ರಿಟನ್ನರಿಗೆ ಅದು ಯೋಧನಿಗೆ ಕೊಡುವ ಬಿರುದು. ಮಾಗ್ಲೊಕುನುಸ್ ಎಂದರೆ ಒಡೆಯ ನಾಯಿ, 6ನೇ ಶತಮಾನದಲ್ಲಿ ಗಿಲ್ಡಾಸ್ ಬೈದಿಟ್ಟ ರಾಜರಲ್ಲಿ ಒಬ್ಬ. ಅದೇ ಸಾಲಿನ ಇನ್ನೊಬ್ಬ ಕುನೆಗ್ಲಾಸುಸ್. ಹೆಸರಿನ ಅರ್ಥ ಬೂದು ನಾಯಿ. ಗಿಲ್ಡಾಸ್ ಸಿಟ್ಟಿನಲ್ಲಿ ಅದನ್ನು ಬೇಕೆಂದೇ ತಿರುಚಿ 'ಕೆಂಚು ಕಟುಕ' ಎಂದು ಲ್ಯಾಟಿನ್ ಅರ್ಥ ಕೊಟ್ಟ. ಹೆಸರಿಗೆ ತಪ್ಪು ಅರ್ಥ ಹೇಳಿ ಬೈಯುವ ಕಲೆ ಆಗಲೂ ಇತ್ತು.

ಈ 'ಕುನೊ'ದಿಂದ ನಿಮ್ಮ ಮಾವನವರ ಮೆಸೇಜಿಗೆ ಬರಬಹುದು. ಬ್ರಿಟನ್ ಎಂಬ ಹೆಸರಿಗೂ ಭರತನಿಗೂ ಸಂಬಂಧವಿಲ್ಲ. ಕಾರಣ ಸರಳ. ಗ್ರೀಕರ ಕಿವಿಗೆ ಬಿದ್ದ ಹಳೆಯ ರೂಪದಲ್ಲಿ ಮೊದಲಕ್ಷರ 'ಪ'. ಪ್ರೆಟನ್ನಿಕೆ ಎಂಬಂತೆ. ವೆಲ್ಷ್‌ನಲ್ಲಿ ಇವತ್ತೂ ಅದು ಪ್ರದೈನ್. ಲ್ಯಾಟಿನ್ನಿನಲ್ಲಿ 'ಬ' ಬಂತು. ಬ್ರೂಟಸ್ ಎಂಬ ರಾಜ ಇನ್ನೂ ಈಚಿನವನು. 9ನೇ ಶತಮಾನದ ಒಂದು ಲ್ಯಾಟಿನ್ ಚರಿತ್ರೆಯಲ್ಲಿ ಬ್ರಿಟನ್ ಎಂಬ ಹೆಸರಿಗೆ ಹೊಂದಿಸಲು ಅವನನ್ನು ತಂದರು. ನಾಡಿನ ಹೆಸರಿನಿಂದ ರಾಜ ಬಂದ, ರಾಜನಿಂದ ನಾಡಿಗೆ ಹೆಸರು ಬರಲಿಲ್ಲ. ಆದರೆ ಮಾವನವರಿಗೆ ಬರಿಗೈಯಲ್ಲಿ ಉತ್ತರ ಕೊಡಬೇಡಿ. 'ಕುನೊ' ಮತ್ತು ಸಂಸ್ಕೃತದ 'ಶ್ವನ್' ಒಂದೇ ಬೇರಿನ ಪದಗಳು. ಗಾಲ್ ನಾಡಿನ (ಇವತ್ತಿನ ಫ್ರಾನ್ಸ್ ಕಡೆಯ) ನಾಯಕ ವೆರ್ಸಿಂಗೆಟೊರಿಕ್ಸ್‌ನ ಕೊನೆಯ 'ರಿಕ್ಸ್' ಮತ್ತು ಸಂಸ್ಕೃತದ 'ರಾಜನ್' ಒಂದೇ ಬೇರು. ಕೆಲ್ಟಿಕ್ ಭಾಷೆಗಳೂ ಸಂಸ್ಕೃತವೂ ಇಂಡೋ-ಯುರೋಪಿಯನ್ ಎಂಬ ಒಂದೇ ಕುಟುಂಬ. ನಾವು ಶ್ವಾನ, ರಾಜ ಎನ್ನುವಾಗ ಆ ಕುಟುಂಬದಿಂದ ಸಾಲ ತಂದದ್ದನ್ನು ಆಡುತ್ತಿದ್ದೇವೆ. ನಿಜವಾದ ನಂಟು ಇದ್ದಾಗ ಹುಸಿ ನಂಟು ಯಾಕೆ ಬೇಕು?

ಹುಸಿ ನಂಟಿನ ಅಪಾಯವೂ ಈ ಕಥೆಯಲ್ಲೇ ಇದೆ. 1301ರಲ್ಲಿ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ಪೋಪ್‌ಗೆ ಪತ್ರ ಬರೆದ. ಬ್ರೂಟಸ್‌ನ ಹಿರಿಮಗ ಲೊಕ್ರಿನಸ್ ಇಂಗ್ಲೆಂಡಿನವನು, ಅವನ ತಮ್ಮ ಆಲ್ಬನಾಕ್ಟಸ್‌ನ ಪಾಲು ಸ್ಕಾಟ್ಲೆಂಡ್, ಆದ್ದರಿಂದ ಸ್ಕಾಟ್ಲೆಂಡ್ ನನಗೆ ತಗ್ಗಿ ನಡೆಯಬೇಕು ಎಂಬುದು ಅವನ ವಾದ. ಸ್ಕಾಟ್ ಜನ ಸುಮ್ಮನಿರಲಿಲ್ಲ. ನಾವು ಈಜಿಪ್ಟಿನ ಫರೋಹನ ಮಗಳು ಸ್ಕೋಟಾಳ ಸಂತಾನ, ನಿಮಗೂ ನಮಗೂ ಏನು ಎಂದರು. ಕಾಗದದ ರಾಜನ ಮೇಲೆ ನಿಜವಾದ ಯುದ್ಧದ ವ್ಯಾಜ್ಯ.

ಇಷ್ಟಾದ ಮೇಲೆ, ಮಕ್ಕಳಿಗೆ ಹೇಗೆ ಹೇಳುವುದು? ಇತಿಹಾಸ ಎಂದೇ ಹೇಳಿದರೆ ನಾಳೆ ಶಾಲೆಯಲ್ಲಿ ಮಗು ಕೈಯೆತ್ತಿ 'ನಮ್ಮೂರನ್ನು ಲಿಯರ್ ಕಟ್ಟಿಸಿದ' ಎನ್ನುತ್ತದೆ, ಪೆಚ್ಚಾಗುತ್ತದೆ. ಎಲ್ಲಾ ಸುಳ್ಳು ಎಂದು ತಳ್ಳಿದರೆ ಕುನೊಬೆಲಿನುಸ್‌ನ ತೆನೆಯೂ ಕಸದ ಬುಟ್ಟಿಗೆ ಹೋಗುತ್ತದೆ. ನಾನಾದರೆ ಸ್ಥಳಪುರಾಣ ಎಂದೇ ಹೇಳುತ್ತೇನೆ. ಬೆಂದಕಾಳೂರಿನಿಂದ ಶುರುಮಾಡುತ್ತೇನೆ, ಅದು ಮಕ್ಕಳಿಗೆ ಥಟ್ಟನೆ ಹತ್ತುತ್ತದೆ. ಪ್ರತಿ ಕಥೆ ಮುಗಿದ ಮೇಲೆ ಒಂದು ಆಟ. ಈ ರಾಜ ಎಲ್ಲಿಂದ ಬಂದ? ಊರಿಂದಲೋ, ಹೊಳೆಯಿಂದಲೋ, ವಂಶಾವಳಿಯಿಂದಲೋ, ನಾಣ್ಯದಿಂದಲೋ? ಇದರಲ್ಲೂ ತೊಂದರೆ ಇಲ್ಲದಿಲ್ಲ. ಆಟ ಜಾಸ್ತಿಯಾದರೆ ಕಥೆ ಕೆಡುತ್ತದೆ. ಬ್ಲಾಡುಡ್ ರೆಕ್ಕೆ ಕಟ್ಟಿಕೊಂಡು ಹಾರಿ ಅಪೊಲೊ ಗುಡಿಯ ಮೇಲೆ ಬಿದ್ದು ಚೂರಾಗುವ ಹೊತ್ತಿನಲ್ಲಿ ದಯವಿಟ್ಟು ವ್ಯಾಕರಣ ಎತ್ತಬೇಡಿ.

ಹೆಸರು ಬರೆಯಲು ಮೂರು ದಾರಿ. ಇಂಗ್ಲಿಷಿನಲ್ಲಿ ರೂಢಿಯಾದದ್ದನ್ನೇ ಬರೆದರೆ ಮಕ್ಕಳು ಬೇರೆಡೆ ಕೇಳಿದಾಗ ಗುರುತು ಹಿಡಿಯುತ್ತಾರೆ, ಆದರೆ 'ಸಿಂಬೆಲಿನ್' ಒಳಗಿನ ನಾಯಿ ಕಾಣೆಯಾಗುತ್ತದೆ. ವೆಲ್ಷ್ ರೂಪ ಚೆಂದ, ಕನ್ನಡ ಲಿಪಿಗೆ ಕಷ್ಟ. ಲ್ಲೀರ್‌ನ ಮೊದಲ ಸದ್ದು ನಮ್ಮ ಒತ್ತಕ್ಷರದ 'ಲ್ಲ' ಅಲ್ಲವೇ ಅಲ್ಲ. ನಾಲಿಗೆಯನ್ನು 'ಲ' ಹೇಳುವ ಜಾಗದಲ್ಲಿಟ್ಟು ಬರೀ ಗಾಳಿ ಊದಬೇಕು. ಮಕ್ಕಳಿಗೆ ಹೇಳಿಕೊಡಿ, ಕೂಟದ ತುಂಬಾ ಎಂಜಲು ಹಾರುತ್ತದೆ. ಲ್ಯಾಟಿನ್ ರೂಪ ಬರೆದಂತೆಯೇ ಓದುವಂಥದ್ದು, ಕನ್ನಡದ ಕಿವಿಗೆ ಒಗ್ಗುತ್ತದೆ. ನಾನು ಲ್ಯಾಟಿನ್ ಇಟ್ಟುಕೊಳ್ಳಿ ಎನ್ನುತ್ತೇನೆ. ಲಿಯರ್, ಆರ್ಥರ್‌ನಂಥ ಮನೆಮಾತಾದವರನ್ನು ಮಾತ್ರ ಹಾಗೇ ಬಿಡಿ. ಅಡ್ಡಹೆಸರು ಗೊತ್ತಿರುವ ಕಡೆ ಒಮ್ಮೆ ಕನ್ನಡದಲ್ಲೂ ಹೇಳಿ. ಗಡ್ಡದ ಗುರ್ಗ್ವಿಂಟ್, ತಲೆತಗ್ಗಿನ ಸಾಮುಯಿಲ್. ಮಕ್ಕಳು ಮರೆಯುವುದಿಲ್ಲ.

ಹುಡಿಬ್ರಾಸ್ ಕಥೆ ಹೇಳುವಾಗ ಒಂದು ಸಂಗತಿ ಬಿಡಬೇಡಿ. ಅವನು ಶಾಫ್ಟ್ಸ್‌ಬರಿ ಊರಿನ ಗೋಡೆ ಕಟ್ಟಿಸುವಾಗ ಅಲ್ಲಿ ಒಂದು ಹದ್ದು ಮಾತಾಡಿತಂತೆ. ಅದು ಏನು ಹೇಳಿತು ಎಂದು ಜೆಫ್ರಿ ಬರೆಯುವುದಿಲ್ಲ. ನಿಜವೆಂದು ಅನಿಸಿದ್ದರೆ ಬರೆಯುತ್ತಿದ್ದೆ ಎನ್ನುತ್ತಾನೆ. ಇಷ್ಟೆಲ್ಲ ರಾಜರನ್ನು ಹುಟ್ಟಿಸಿದ ಮನುಷ್ಯ ಹದ್ದಿನ ಮಾತಿಗೆ ಬಂದಾಗ ಮರ್ಯಾದೆ ನೋಡಿಕೊಂಡ.

ಮತ್ತೆ ಬಾತ್‌ಗೆ ಹೋದರೆ ಆ ಮೂರ್ತಿಯ ಕೆಳಗಿನ ಬರಹವನ್ನು ಮಗಳ ಜೊತೆ ನಿಧಾನವಾಗಿ ಓದಿ. 1699ರ ಬರಹ. ಬ್ಲಾಡುಡ್ ಅಥೆನ್ಸಿನಲ್ಲಿ ಓದಿದವನು, ಈ ಸ್ನಾನಘಟ್ಟವನ್ನು ಕ್ರಿಸ್ತನಿಗೆ 863 ವರ್ಷ ಮುಂಚೆ ಕಂಡುಹಿಡಿದವನು ಎಂದಿದೆ. ಕ್ರಿ.ಪೂ. 863ರಲ್ಲಿ ಅಥೆನ್ಸಿನಲ್ಲಿ ಅವನು ಓದುವಂಥ ಶಾಲೆ ಯಾವುದಿತ್ತು ಎಂದು ಮಗಳನ್ನೇ ಕೇಳಿ. ಆಮೇಲೆ ಅಪ್ಪನ ಹೆಸರು ನೋಡಿ. ಅಲ್ಲಿ ರಡ್ ಇಲ್ಲ, ಹಡ್ ಇಲ್ಲ. 'ಲಡ್ ಹುಡಿಬ್ರಾಸ್' ಎಂದು ಕೆತ್ತಿದ್ದಾರೆ.